ಹನ್ನೆರಡು ಮೆಗಾಪಿಕ್ಸೆಲ್‌ನ ಲೆಕ್ಕ

ನಿಕಾನ್ ಡಿ90 ಬಂದದ್ದು 2008ರಲ್ಲಿ. ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಸರು ಅದಕ್ಕಿದೆ. ಅದರ ಬೆನ್ನಿಗೆ ಡಿ7000, ಡಿ7100, ಡಿ7200, ಡಿ7500 ಬಂದವು. 2020ರ ನಂತರ ಆ ಕಂಪನಿಯಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ, ಬಂದದ್ದು ಹೆಚ್ಚಾಗಿ ಮಿರರ್‌ಲೆಸ್. ಆದರೂ ಡಿ90 ಹೆಗಲಿಗೇರಿಸಿಕೊಂಡು ಓಡಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರಲ್ಲಿ ನಾನೂ ಸೇರಿದ್ದೇನೆ. ಈ ರೂಢಿಯನ್ನು ಹಳೆಯದರ ಮೇಲಿನ ಮೋಹ ಎಂದು ತಳ್ಳಿಹಾಕುವವರಿಗೂ, ಹಳೆಯದೇ ಮೇಲು ಎಂದು ಹಾಡಿ ಹೊಗಳುವವರಿಗೂ ನಾನು ಹೇಳುವುದು ಒಂದೇ: ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಿ.

ಡಿ90ರ ಚಿತ್ರ 4288 ಪಿಕ್ಸೆಲ್ ಅಗಲ, 2848 ಪಿಕ್ಸೆಲ್ ಎತ್ತರ. ಒಟ್ಟು ಒಂದು ಕೋಟಿ ಇಪ್ಪತ್ತೆರಡು ಲಕ್ಷ. 12 × 18 ಇಂಚಿನ ಪ್ರಿಂಟ್ ಹಾಕಿಸಿದರೆ ಇಂಚಿಗೆ 238 ಪಿಕ್ಸೆಲ್ ಸಿಗುತ್ತದೆ. ಲ್ಯಾಬಿನವರು 300 ಕೇಳುತ್ತಾರೆ, ನಿಜ. ಆದರೆ ಗೋಡೆಗೆ ತೂಗುಹಾಕಿ ನಾಲ್ಕಡಿ ದೂರದಿಂದ ನೋಡುವ ಪ್ರಿಂಟಿನಲ್ಲಿ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಎ4 ಅಳತೆಯ ಪತ್ರಿಕೆಯ ಇಡೀ ಪುಟ 300ರಲ್ಲಿ ಅಚ್ಚಾಗಲು 87 ಲಕ್ಷ ಪಿಕ್ಸೆಲ್ ಸಾಕು. 4ಕೆ ಟಿವಿಯ ಪರದೆಯಲ್ಲಿ ಇರುವುದೇ 83 ಲಕ್ಷ. ಫೋಟೊ ಸಲೂನ್‌ಗಳ ಡಿಜಿಟಲ್ ವಿಭಾಗಕ್ಕೆ ಕಳಿಸುವ ಚಿತ್ರವನ್ನು ಸಾಮಾನ್ಯವಾಗಿ 1920 × 1080ರೊಳಗೆ ಕುಗ್ಗಿಸಬೇಕಾಗುತ್ತದೆ. ಅಂದರೆ 45 ಮೆಗಾಪಿಕ್ಸೆಲ್‌ನಲ್ಲಿ ತೆಗೆದದ್ದೂ ತೀರ್ಪುಗಾರರ ಮುಂದೆ ಹೆಚ್ಚೆಂದರೆ 21 ಲಕ್ಷ ಪಿಕ್ಸೆಲ್ ಆಗಿಯೇ ಬರುತ್ತದೆ. ಮೆಗಾಪಿಕ್ಸೆಲ್ ಎರಡರಷ್ಟಾದರೆ ಚಿತ್ರವೂ ಎರಡರಷ್ಟು ದೊಡ್ಡದಾಗುತ್ತದೆ ಎಂಬ ನಂಬಿಕೆ ಬೇರೆ ಹರಡಿದೆ. ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ ಹೋದರೆ ಅಗಲ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ: ಹನ್ನೆರಡು ಇಂಚು ಇದ್ದದ್ದು ಹದಿನೇಳು ಇಂಚಾಗುತ್ತದೆ. 48, 50 ಮೆಗಾಪಿಕ್ಸೆಲ್ ಎಂದು ಮಾರುವ ಎಷ್ಟೋ ಫೋನುಗಳು ಕೂಡ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ, ಕೊನೆಗೆ ಕೈಗಿಡುವುದು ಹನ್ನೆರಡರ ಆಸುಪಾಸಿನ ಚಿತ್ರವನ್ನೇ.

ಈ ಲೆಕ್ಕ ಕೈಕೊಡುವ ಜಾಗವೂ ಇದೆ. ಮದುವೆ ಫೋಟೊಗ್ರಾಫರನ್ನು ಕೇಳಿ. ಕರಿಜ್ಮಾ ಆಲ್ಬಮ್ ಬಿಚ್ಚಿದರೆ ಎರಡು ಪುಟ ಸೇರಿ 12 × 36 ಇಂಚು. ವಧೂವರರ ಒಂದೇ ಚಿತ್ರವನ್ನು ಆ ಅಗಲಕ್ಕೆ ಹರಡಿದರೆ ಡಿ90ರಿಂದ ಇಂಚಿಗೆ ಸಿಗುವುದು 119 ಪಿಕ್ಸೆಲ್. ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾರೆ. ಸೀರೆಯ ಜರಿ, ಬಾಸಿಂಗದ ಮುತ್ತು ಅಲ್ಲಿ ಮೆತ್ತಗಾಗಿ ಕಾಣುತ್ತವೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಹೊಸ ಕ್ಯಾಮರಾ ಕೊಂಡರೆ ಅದು ದುಂದಲ್ಲ.

ಹಳೆಯ ಕ್ಯಾಮರಾವನ್ನು ನಿಜವಾಗಿ ಒರೆಗೆ ಹಚ್ಚುವುದು ಬೆಳಕಿನ ಕೊರತೆ. ಯಕ್ಷಗಾನದ ಬಯಲಾಟವನ್ನೇ ತೆಗೆದುಕೊಳ್ಳಿ. ಡಿ90ರ ಐಎಸ್‌ಒ 200ರಿಂದ 3200ರವರೆಗೆ, ಎಳೆದರೆ 6400. ನಾನು 1600 ದಾಟುವುದಿಲ್ಲ. ದಾಟಿದರೆ ರಂಗಸ್ಥಳದ ಹಿಂದಿನ ಕತ್ತಲಲ್ಲಿ ಬಣ್ಣಬಣ್ಣದ ಕಾಳು ಏಳುತ್ತದೆ. 50 ಎಂಎಂ ಎಫ್/1.8 ಲೆನ್ಸ್ ಪೂರ್ತಿ ತೆರೆದು, ಶಟರ್ 1/100ಕ್ಕೆ ಇಡುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದಕ್ಕೆ ಜೋಡಿಸಿದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/100ರಲ್ಲಿ ಒಂದು ಮಿನುಗು ಇಡಿಯಾಗಿ ಸಿಗುತ್ತದೆ, ಒಂದು ಚಿತ್ರ ಬೆಳ್ಳಗೆ ಇನ್ನೊಂದು ಕಪ್ಪಗೆ ಬರುವ ತೊಂದರೆ ಇರುವುದಿಲ್ಲ. ಈ ವೇಗದಲ್ಲಿ ಧೀಂಗಿಣ ಹಾಕುವ ವೇಷ ಕಲಸಿಹೋಗುತ್ತದೆ. ಚೆಂಡೆಯ ಮುಕ್ತಾಯಕ್ಕೆ ವೇಷಧಾರಿ ನಿಲ್ಲುವ ಅರೆಗಳಿಗೆಯನ್ನೇ ಕಾಯಬೇಕು, ಕಾಯಬೇಕಾದರೆ ತಾಳ ಕಿವಿಗೆ ಬಿದ್ದಿರಬೇಕು. ಹೊಸ ಕ್ಯಾಮರಾದಲ್ಲಿ ಐಎಸ್‌ಒ 12800ಕ್ಕೆ ಏರಿಸಿ ಧೀಂಗಿಣವನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಬಹುದು. ಆ ಚಿತ್ರ ಬೇಕೆನ್ನುವವರಿಗೆ ಡಿ90 ಸಾಲದು ಎಂದು ನೇರವಾಗಿ ಹೇಳುತ್ತೇನೆ.

ಹಳೆಯ ಕ್ಯಾಮರಾದ ಪರವಾಗಿ ನನಗೆ ಅತ್ಯಂತ ಗಟ್ಟಿ ಎನ್ನಿಸುವ ವಾದ ಹುಟ್ಟುವುದೂ ಇಲ್ಲಿಯೇ. ಅದು ಕ್ಯಾಮರಾದ ಒಳಗಿಲ್ಲ, ರಾ ಫೈಲಿನಲ್ಲಿದೆ. ಸೆನ್ಸರಿಗೆ ಬಿದ್ದ ಬೆಳಕಿನ ಲೆಕ್ಕ ಮಾತ್ರ ಅದರಲ್ಲಿ ಉಳಿದಿರುತ್ತದೆ, ಅದನ್ನು ಚಿತ್ರವಾಗಿಸುವ ಕೆಲಸ ಸಾಫ್ಟ್‌ವೇರಿನದು. 2023ರಲ್ಲಿ ಲೈಟ್‌ರೂಮಿಗೆ ಬಂದ ಡಿನಾಯ್ಸ್ ಸೌಲಭ್ಯಕ್ಕೆ ಡಿ90ರ ಹಳೆಯ ಫೈಲು ಹಾಕಿದರೆ, 2008ರಲ್ಲಿ ಯಾರಿಗೂ ಸಿಗದಷ್ಟು ಶುಭ್ರವಾದ ಚಿತ್ರ ಬರುತ್ತದೆ. ಕ್ಯಾಮರಾ ಹಳತಾಗಿದ್ದರೂ ಅದರ ಫೈಲು ಹೊಸ ಹೊಸದಾಗಿ ಬೆಳಗುತ್ತಿದೆ. ಆದರೆ ಅಳತೆ ತಪ್ಪಿ ಬಳಸಿದರೆ ರಾಕ್ಷಸ ವೇಷದ ಮುಖದ ಮೇಲಿನ ಚುಟ್ಟಿಯೂ ಮೇಣ ಸವರಿದಂತಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ ಸ್ವಲ್ಪ ಕಾಳು ಉಳಿಸಿಕೊಳ್ಳುವುದು ಒಳ್ಳೆಯದು. ಬರೀ ಜೆಪೆಗ್‌ನಲ್ಲಿ ತೆಗೆದಿಟ್ಟವರಿಗೆ ಈ ಲಾಭ ದಕ್ಕುವುದಿಲ್ಲ. ಹಳೆಯ ಕ್ಯಾಮರಾ ಬಳಸುವವರು ರಾ ಬಿಡಕೂಡದು ಎಂದು ನಾನು ಪಟ್ಟು ಹಿಡಿಯುವುದು ಅದಕ್ಕೇ.

ಈಚೆಗೆ ಹರಡಿರುವ ಇನ್ನೊಂದು ಹೊಗಳಿಕೆಯನ್ನು ಮಾತ್ರ ಒಪ್ಪಲಾರೆ: ಹಳೆಯ ಸಿಸಿಡಿ ಸೆನ್ಸರುಗಳ ಬಣ್ಣಕ್ಕೆ ಸಾಟಿಯಿಲ್ಲ, ಫಿಲ್ಮಿನ ಜೀವ ಅದರಲ್ಲಿದೆ ಎಂಬ ಮಾತು. ಡಿ90ಕ್ಕಿಂತ ಹಿಂದಿನ ಡಿ80ರಲ್ಲಿ ಇದ್ದದ್ದು ಸಿಸಿಡಿ, ಡಿ90ರಲ್ಲಿ ಸಿಮಾಸ್. ಒಂದೇ ಮನೆತನದ ಎರಡನ್ನೂ ಒಂದೇ ಲೆನ್ಸಿನಲ್ಲಿ, ಬೆಳಗಿನ ಬಿಸಿಲಿನಲ್ಲಿ ತೆಗೆದು, ರಾ ಫೈಲುಗಳಿಗೆ ಒಂದೇ ಹದ ಕೊಟ್ಟು ನೋಡಿ. ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ಸಂಜೆ 1600ಕ್ಕೆ ಏರಿಸಿದರೆ ಡಿ90 ಎಷ್ಟೋ ಮುಂದೆ. ಬಣ್ಣ ನಿರ್ಧಾರವಾಗುವುದು ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಫಿಲ್ಟರುಗಳಿಂದ, ಆಮೇಲೆ ಕ್ಯಾಮರಾದೊಳಗಿನ ಸಂಸ್ಕರಣೆಯಿಂದ. ಹುಡುಗರು ಮೆಚ್ಚಿ ಹುಡುಕುತ್ತಿರುವ ಪುಟ್ಟ ಕಾಂಪ್ಯಾಕ್ಟ್ ಕ್ಯಾಮರಾಗಳ ಗಾಢ ಬಣ್ಣ, ಮುಖಕ್ಕೆ ನೇರವಾಗಿ ರಾಚುವ ಫ್ಲಾಶ್ ಆ ಕಾಲದ ಜೆಪೆಗ್ ಹದದ ಮತ್ತು ವಿನ್ಯಾಸದ ಫಲ. ಅದು ಇಷ್ಟವಾದರೆ ಸಂತೋಷವಾಗಿ ಬಳಸಲಿ. ಆದರೆ ಇಲ್ಲದ ಗುಣವನ್ನು ಆರೋಪಿಸಿ ಬೆಲೆ ಏರಿಸಿ ಮಾರುವುದು ಹಳೆಯ ಕ್ಯಾಮರಾಗಳಿಗೆ ಮಾಡುವ ಉಪಕಾರವಲ್ಲ. ನಿಜವಾಗಿ ಕಡಿಮೆ ಹಣವಿರುವ ಕಲಿಯುವ ಹುಡುಗನ ಕೈಗೆ ಅವು ಸಿಗದಂತಾಗುತ್ತವೆ.

ಹಕ್ಕಿಗಳ ವಿಷಯಕ್ಕೆ ಬಂದರೆ ವಾದವೇ ಇಲ್ಲ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುವುದರಿಂದ ಕೂತ ಬಣ್ಣದ ಕೊಕ್ಕರೆ ಡಿ90ಕ್ಕೆ ಸುಲಭ. ಹಾರುವ ಮಿಂಚುಳ್ಳಿಗೆ ಅದರ ಹನ್ನೊಂದು ಫೋಕಸ್ ಬಿಂದುಗಳು ಸಾಲವು. ಹಕ್ಕಿ ಚಿತ್ರದ ಅಗಲದಲ್ಲೂ ಎತ್ತರದಲ್ಲೂ ಕಾಲು ಭಾಗ ಮಾತ್ರ ಇದ್ದರೆ, ಅಷ್ಟನ್ನೇ ಕತ್ತರಿಸಿದಾಗ ಉಳಿಯುವುದು ಏಳೂವರೆ ಲಕ್ಷ ಪಿಕ್ಸೆಲ್. 2020ರ ಕ್ಯಾನನ್ ಆರ್5ರಂಥವು ಹಕ್ಕಿಯ ಕಣ್ಣನ್ನೇ ಹುಡುಕಿ ಬೆನ್ನು ಹತ್ತುತ್ತವೆ. ಶಟರಿನ ಸದ್ದಿಲ್ಲದೆ ಸಂಗೀತ ಕಛೇರಿ ತೆಗೆಯಬಲ್ಲವು. ಡಿ90ರ ವಿಡಿಯೊ ಇಂದು ಚರಿತ್ರೆಯ ಮಾತಷ್ಟೆ: 720ಪಿ, ಒಂದು ಸಲಕ್ಕೆ ಐದೇ ನಿಮಿಷ, ಕ್ಯಾಮರಾ ತಿರುಗಿಸಿದರೆ ಕಂಬಗಳು ವಾಲುತ್ತವೆ.

ಕ್ಯಾಮರಾ ಬದಲಾಯಿಸುವ ಖರ್ಚು ಬಾಡಿಯೊಂದಕ್ಕೇ ನಿಲ್ಲುವುದೂ ಇಲ್ಲ. ನಿಕಾನ್‌ನ ಎಫ್ ಮೌಂಟ್ 1959ರದು. ಆಮೇಲೆ ಬಂದ ಎಎಫ್-ಡಿ ಲೆನ್ಸುಗಳಿಗೆ ಫೋಕಸ್ ಮಾಡುವ ಮೋಟಾರು ಬಾಡಿಯಲ್ಲಿರಬೇಕು, ಡಿ90ರಲ್ಲಿ ಅದಿದೆ. ಮಿರರ್‌ಲೆಸ್‌ಗೆ ಅವನ್ನು ಜೋಡಿಸಲು ಕಂಪನಿಯೇ ಮಾಡಿದ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟಾರು ಇಲ್ಲ. ಕಡಿಮೆ ಬೆಲೆಗೆ ಕೊಂಡ ಒಳ್ಳೆಯ 50 ಎಂಎಂ ಡಿ ಲೆನ್ಸನ್ನು ಅಲ್ಲಿ ಕೈಯಿಂದಲೇ ತಿರುಗಿಸಬೇಕು.

ಇನ್ನು ಹಳೆಯ ಕ್ಯಾಮರಾದ ಆಯುಸ್ಸು ಚಿತ್ರದ ಗುಣಮಟ್ಟದಿಂದ ಮುಗಿಯುವುದಿಲ್ಲ, ಸಣ್ಣಪುಟ್ಟ ವಸ್ತುಗಳಿಂದ ಮುಗಿಯುತ್ತದೆ. ಡಿ90ರ ಹಿಡಿಕೆಯ ರಬ್ಬರು ಊದಿ ಕಿತ್ತುಬರುವುದು ಎಲ್ಲ ಬಳಕೆದಾರರಿಗೂ ಗೊತ್ತಿರುವ ರೋಗ, ಅಂಟು ಹಾಕಿ ಕೂಡಿಸಬಹುದು. ಕಾರ್ಡ್ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಆಗಬೇಕು. ಇಎನ್-ಇಎಲ್3ಇ ಬ್ಯಾಟರಿಯಲ್ಲಿ ನಕಲಿಗಳೇ ಹೆಚ್ಚು, ಊದಿಕೊಂಡದ್ದನ್ನು ಬಲವಂತವಾಗಿ ತೂರಿಸಬಾರದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಬೇಕೇ ಬೇಕು. ಶಟರನ್ನು ಕಂಪನಿ ಒಂದು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಫೋಟೊ ತೆಗೆದು ಆ ಫೈಲಿನಲ್ಲೇ ದಾಖಲಾಗಿರುವ ಶಟರ್ ಸಂಖ್ಯೆ ನೋಡಿಕೊಳ್ಳಲಿ. ಶಟರ್ ಕೆಟ್ಟರೆ ಬದಲಿಗೆ ಇನ್ನೊಂದು ಹಳೆಯ ಬಾಡಿಯನ್ನೇ ಬಿಚ್ಚಬೇಕಾಗಬಹುದು, ಬಿಚ್ಚಿ ಕೂಡಿಸಬಲ್ಲ ರಿಪೇರಿಯವರು ಊರಿನಲ್ಲಿ ಇರಬೇಕು. ಹೊಸ ಮಾದರಿಗಳ ಪ್ರಚಾರಕ್ಕೆ ಕಂಪನಿಗಳು ಸುರಿಯುವ ಹಣದಲ್ಲಿ ಒಂದು ಪಾಲು ಹಳೆಯ ಮಾದರಿಗಳ ಬಿಡಿಭಾಗಗಳಿಗೂ, ಈ ರಿಪೇರಿಯವರ ತರಬೇತಿಗೂ ಹೋಗಬೇಕೆಂದು ನಾವು ಗಟ್ಟಿಯಾಗಿ ಕೇಳಬೇಕು.