ಸೋರುವ ಮಾಳಿಗೆ, ಲಂಡನ್ನಿನ ವೇದಿಕೆ

‘ಇಂಡಿ’ ಅಂದ್ರ ನಮಗ ಗೊತ್ತಿರೋದು ವಿಜಯಪುರ ಜಿಲ್ಲೆಯ ಒಂದು ತಾಲೂಕು. ಲಿಂಬಿಹಣ್ಣಿಗೆ ಹೆಸರಾದ ಊರು. ಇಂಗ್ಲಿಷ್ ಪತ್ರಿಕೆಗಳ ಸಂಗೀತದ ಪುಟಗಳಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥವಿದೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಸಿನಿಮಾದವರ ಬಾಗಿಲು ಕಾಯದೆ, ತಮ್ಮ ಹಾಡನ್ನು ತಾವೇ ಕಟ್ಟಿ ತಾವೇ ಹಾಡುವ ಹುಡುಗರ ಗುಂಪಿಗೆ ಅಲ್ಲಿ ‘ಇಂಡಿ ಬ್ಯಾಂಡ್’ ಎನ್ನುತ್ತಾರೆ. ಈ ಅರ್ಥವನ್ನು ಒಪ್ಪುವುದಾದರೆ ಕಡಕೋಳ ಮಡಿವಾಳಪ್ಪನಿಗಿಂತ, ಅವನ ಶಿಷ್ಯ ಚೆನ್ನೂರ ಜಲಾಲ ಸಾಹೇಬನಿಗಿಂತ ದೊಡ್ಡ ಇಂಡಿ ಗಾಯಕರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಆದರೆ ಆ ಹೆಸರು ಸಿಕ್ಕಿದ್ದು ಬೆಂಗಳೂರು ಮೈಸೂರಿನ ಹುಡುಗರಿಗೆ. ಯಾಕೆ ಸಿಕ್ಕಿತು, ಸಿಕ್ಕಿದ್ದರಿಂದ ಕನ್ನಡದ ಹಾಡಿಗೆ ಆದ ಲಾಭವೇನು, ಲುಕ್ಸಾನೇನು ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರದ ಕಡೆ ನಿಂತು ನೋಡಬೇಕಾಗಿದೆ.

ರಘು ದೀಕ್ಷಿತ್ ಅವರ ಕಥೆ ಬಹಳ ಜನಕ್ಕೆ ಗೊತ್ತು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್ತು. ಗಿಟಾರನ್ನು ಕಾಲೇಜಿನ ದಿನಗಳಲ್ಲಿ ತಾವೇ ಕಲಿತರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಮುಂದೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಆಯಿತು. ವರ್ಷಗಟ್ಟಲೆ ಯಾವ ಕಂಪನಿಯೂ ಇವರ ಹಾಡನ್ನು ಮುಟ್ಟಲಿಲ್ಲ. ಕೊನೆಗೆ ಮುಂಬಯಿಯ ವಿಶಾಲ್–ಶೇಖರ್ ಕೇಳಿ ಮೆಚ್ಚಿದ ಮೇಲೆ 2008ರಲ್ಲಿ ಮೊದಲ ಆಲ್ಬಮ್ ಹೊರಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿ ಕೊಟ್ಟರು. ಅದೇ ವರ್ಷ ಗ್ಲಾಸ್ಟನ್‌ಬರಿಯ ಜಾತ್ರೆಯಂಥ ಸಂಗೀತ ಮೇಳದಲ್ಲಿ ಹಾಡಿದರು. 2013ರಲ್ಲಿ ‘ಜಗ್ ಚಂಗಾ’ ಬಂತು. ಹೆಚ್ಚುಕಡಿಮೆ ಇದೇ ಕಾಲದಲ್ಲಿ ವಾಸು ದೀಕ್ಷಿತ್ ಹಾಡುಗಾರಿಕೆಯ ‘ಸ್ವರಾತ್ಮ’ ತಂಡವೂ ಮೇಲೆ ಬಂತು; 2009ರಲ್ಲಿ ಅವರ ಮೊದಲ ಆಲ್ಬಮ್, 2012ರಲ್ಲಿ ‘ಟೋಪಿವಾಲೆ’.

ಇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಯೇ ಮಾತು ಮುಂದುವರಿಸಬೇಕು. ಬೆಂಗಳೂರಿನ ರಾಕ್ ಸಂಗೀತ ಎಂದರೆ ಇಂಗ್ಲಿಷ್ ಹಾಡು ಎಂದೇ ನಂಬಿದ್ದ ಜನರ ಮುಂದೆ ಇವರು ಕನ್ನಡದಲ್ಲಿ ಬಾಯಿ ತೆರೆದರು. ಕನ್ನಡದ ಹಾಡು ಎಂದರೆ ಒಂದೋ ಸಿನಿಮಾದ್ದು, ಇಲ್ಲವೇ ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡುವ ಸುಗಮ ಸಂಗೀತ ಎಂಬ ಎರಡೇ ದಾರಿ ಇದ್ದ ಕಡೆ ಮೂರನೆಯದನ್ನು ತೋರಿಸಿದರು. ಲಂಡನ್ನಿನ ಬಿಳಿಯರು ಅರ್ಥವಾಗದ ಕನ್ನಡಕ್ಕೆ ಕುಣಿದದ್ದು ಸಣ್ಣ ಸಂಗತಿಯಲ್ಲ. ಇದನ್ನು ಒಪ್ಪಲು ಜಿಪುಣತನ ಮಾಡಬಾರದು.

ಆದರೆ ಆ ಮೊದಲ ಆಲ್ಬಮಿನ ಕನ್ನಡ ಹಾಡುಗಳು ಯಾರವು? ಎರಡೂ ಶಿಶುನಾಳ ಶರೀಫರವು. 1819ರಿಂದ 1889ರವರೆಗೆ ಬದುಕಿದ್ದ, ಗೋವಿಂದ ಭಟ್ಟನೆಂಬ ಬ್ರಾಹ್ಮಣ ಗುರುವಿನ ಕೈಹಿಡಿದ ಒಬ್ಬ ಸಾಬರ ಫಕೀರನ ಪದಗಳು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳುವಾಗ ಇವರಿಗೆ ತಮ್ಮದೇ ಮಾತು ಇತ್ತು. ಕನ್ನಡಕ್ಕೆ ಬಂದಾಗ ಶರೀಫರನ್ನು ಸಾಲ ಕೇಳಿದರು. ಸಾಲ ತಪ್ಪಲ್ಲ. ತತ್ವಪದ ಯಾರೊಬ್ಬರ ಆಸ್ತಿಯೂ ಅಲ್ಲ, ಹಾಡಿದವರದ್ದು ಅದು. ಪ್ರಶ್ನೆ ಇಷ್ಟೇ: ತಗೊಂಡು ಹೋದಾಗ ಪದದ ಸಂಗಡ ಏನೇನು ಹೋಯಿತು, ಏನು ಇಲ್ಲೇ ಉಳಿಯಿತು?

‘ಸೋರುತಿಹುದು ಮನಿಯ ಮಾಳಿಗಿ’ ಹಾಡನ್ನೇ ನೋಡ್ರಿ. ಮೈಯೇ ಮನೆ, ಅರಿವು ಇಲ್ಲದವನ ಮನೆ ಸೋರುತ್ತದೆ ಎಂಬ ಅರ್ಥವನ್ನು ಯಾವ ಕನ್ನಡ ಮೇಷ್ಟ್ರಾದರೂ ಹೇಳಿಕೊಟ್ಟಾರು. ಆದರೆ ನಮ್ಮ ಕಡೆ ಇವತ್ತಿಗೂ ಕೇರಿಯೊಳಗ ಮಣ್ಣಿನ ಮಾಳಿಗಿಯ ಮನಿಗಳವ. ತೊಲಿ, ಜಂತಿ, ಅದರ ಮ್ಯಾಲ ಮಣ್ಣು. ಮಳಿಗಾಲಕ್ಕ ಮುಂಚೆ ಹೊಸ ಮಣ್ಣು ಹಾಕಿ ತುಳೀಬೇಕು. ದುಡಿಯಲಿಕ್ಕೆ ಬೆಂಗಳೂರಿಗೋ ಪುಣೆಗೋ ಗುಳೆ ಹೋದವರ ಮನಿಗೆ ಮಣ್ಣು ಹಾಕುವವರು ಯಾರು? ಶ್ರಾವಣದ ಜಿಟಿಜಿಟಿ ಮಳಿ ಹಿಡಿದರೆ ಸೋರುತ್ತದೆ. ಸೋರಿದ ಕಡೆಗೆಲ್ಲ ತಾಟು, ಬೋಗುಣಿ, ಕೊಡ ಇಟ್ಟು, ಜ್ವಾಳದ ಚೀಲ ಒಣಮೂಲಿಗೆ ಎಳೆದು, ಕೂಸು ಕಟ್ಟಿಕೊಂಡು ಕುಂತೇ ರಾತ್ರಿ ಕಳೆಯುವವರು ನಮ್ಮವರು. ಅಮಾಸಿ ಭಜನಿಯಲ್ಲಿ ಏಕತಾರಿ, ದಮ್ಮಡಿ, ತಾಳದ ಸಂಗಡ ಈ ಪದ ಎತ್ತಿದರೆ ಕುಂತ ಹೆಣ್ಣುಮಕ್ಕಳು ಮೊದಲು ನಗುತ್ತಾರೆ. ತಮ್ಮ ಮನಿ ಮಾಳಿಗಿ ನೆನಪಾಗಿ ನಗುತ್ತಾರೆ. ಎರಡು ನುಡಿ ಆಗುವುದರೊಳಗೆ ನಗು ನಿಲ್ಲುತ್ತದೆ. ಶರೀಫರ ಅಧ್ಯಾತ್ಮ ಇರುವುದು ಆ ನಗು ಮತ್ತು ಆ ಸುಮ್ಮನಾಗುವುದರ ನಡುವೆ.

ಬ್ಯಾಂಡಿನ ಹಾಡಿಕೆಯಲ್ಲಿ ದುಃಖ ಅದ, ನಯ ಅದ, ಕೇಳಲಿಕ್ಕೆ ಹಿತವೂ ಅದ. ನಗು ಇಲ್ಲ. ಆರ್‌ಸಿಸಿ ಕೆಳಗ ಕುಂತು ಕೇಳುವವರಿಗೆ ಸೋರುವ ಮಾಳಿಗೆ ಬರೀ ರೂಪಕ. ರೂಪಕ ಆದ ಕೂಡಲೇ ಅದು ಯಾರನ್ನೂ ತೋಯಿಸುವುದಿಲ್ಲ. ಇದು ಈ ಬ್ಯಾಂಡಿನಿಂದಲೇ ಶುರುವಾದ ರೋಗವೆಂದೂ ನಾವು ಹೇಳುವುದಿಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ, ಅದರ ಆಸುಪಾಸಿನ ಕ್ಯಾಸೆಟ್ಟುಗಳು ಶರೀಫರನ್ನು ಮಧ್ಯಮವರ್ಗದ ದಿವಾನಖಾನೆಗೆ ತಂದು ಕೂರಿಸಿದ್ದವು. ಆದರೂ ಸಿ. ಅಶ್ವಥ್ ಕೊರಳಿನಲ್ಲಿ ಒಂದು ಒರಟು ಇತ್ತು. ಎತ್ತಿನ ಗಾಡಿ ಕಲ್ಲಿನ ಮೇಲೆ ಹಾಯ್ದಂಥ ಒರಟು. ಗಿಟಾರಿನ ತಂತಿ ಅದನ್ನು ಉಜ್ಜಿ ನುಣುಪು ಮಾಡಿತು. ‘ಗುಡುಗುಡಿಯ ಸೇದಿ ನೋಡೊ’ ಹಾಡಿನಲ್ಲಿ ಮಾತ್ರ ಆಟದ ಹುರುಪು ಉಳಿದಿದೆ, ಆ ಹಾಡಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ಇನ್ನು ವೇಷದ ಮಾತು. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರು. ಲಂಡನ್ನಿನವರಿಗೆ ಇದು ಇಂಡಿಯಾ. ಭರತನಾಟ್ಯ ಕಲಿತವರು ಗೆಜ್ಜೆ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಮ್ಮ ಕಡೆ ಗೆಜ್ಜೆ ಅಂದ್ರ ಬ್ಯಾರೆ ಕಾಲು ನೆನಪಾಗ್ತಾವ. ಎಲ್ಲಮ್ಮನ ಹೆಸರಲ್ಲಿ, ಹುಲಿಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಕಾಲು. ಅದನ್ನು ತಡೆಯುವ ಕಾಯ್ದೆ ಬಂದದ್ದು 1982ರಲ್ಲಿ. ಕಾಯ್ದೆ ಬಂದ ಮೇಲೂ ಆ ತಾಯಂದಿರು ನಮ್ಮ ಕೇರಿಗಳಲ್ಲಿ ಬದುಕಿದ್ದಾರೆ. ಅದಕ್ಕೇ ಚೆನ್ನೈನ ಒಂದು ಚಿತ್ರವನ್ನು ಇದರ ಪಕ್ಕ ಇಟ್ಟು ನೋಡಬೇಕು. 2018ರ ಜನವರಿಯಲ್ಲಿ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ವೇದಿಕೆ ಹತ್ತಿತು. ಹತ್ತೊಂಬತ್ತು ಜನ. ಉತ್ತರ ಚೆನ್ನೈನ ಕೊಳಗೇರಿಗಳಲ್ಲಿ ಸತ್ತವರ ಮನೆ ಮುಂದೆ ಹಾಡುವ ಗಾನಾ, ಸಾವಿಗೆ ಬಡಿಯುವ ಪರೈ, ಇವುಗಳ ಸಂಗಡ ಗಿಟಾರು, ಡ್ರಮ್ಮು. ಅವರ ಹೆಸರಿನ ಹಿಂದೆ ಪಂಡಿತ ಅಯೋಥಿ ದಾಸರ ವಿಚಾರ ಇತ್ತು. ಅವರು ಲುಂಗಿ ಉಟ್ಟು ಬರಲಿಲ್ಲ, ಸೂಟು ತೊಟ್ಟು ಬಂದರು. ಓದಿದ ನಗರದ ಹುಡುಗನಿಗೆ ಲುಂಗಿ ಬಿಡುಗಡೆ. ಲುಂಗಿಯಲ್ಲೇ ಹುಟ್ಟಿದವನಿಗೆ ಸೂಟು ಬಿಡುಗಡೆ. ಅಂಬೇಡ್ಕರರ ಕೋಟನ್ನು ಕೇರಿಯ ಗೋಡೆಯ ಮೇಲೆ ದಿನಾ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ತಂಡದ ಕವಿ ಅರಿವು. 2021ರ ‘ಎಂಜಾಯ್ ಎಂಜಾಮಿ’ ಹಾಡನ್ನು ತನ್ನ ಅಜ್ಜಿಯ ನೆನಪಿನಿಂದ ಬರೆದವನು. ಶ್ರೀಲಂಕೆಯ ಚಹಾ ತೋಟದಲ್ಲಿ ದುಡಿದೂ ಭೂಮಿ ಇಲ್ಲದೆ ಉಳಿದವರ ಹಾಡು ಅದು. ಲೋಕವೆಲ್ಲ ಕುಣಿಯಿತು. ಅದೇ ವರ್ಷ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಪತ್ರಿಕೆಯ ಮುಖಪುಟದ ಮೇಲೆ ಗಾಯಕಿ ಧೀ ಇದ್ದರು, ಶಾನ್ ವಿನ್ಸೆಂಟ್ ಡಿ ಪಾಲ್ ಇದ್ದರು, ಅರಿವು ಇರಲಿಲ್ಲ. ಗಲಾಟೆ ಆದ ಮೇಲೆ ಅವನದೂ ಒಂದು ಮುಖಪುಟ ಮಾಡಿದರು. ಇಂಡಿಯ ಸ್ವಾತಂತ್ರ್ಯಕ್ಕೂ ಒಂದು ಪಂಕ್ತಿ ಇದೆ, ಪಂಕ್ತಿಗೊಂದು ಕೊನೆ ಇದೆ ಎಂಬುದು ಅಲ್ಲಿ ಗೊತ್ತಾಯಿತು.

ಪಂಕ್ತಿ ಅಂದಾಗ ನಮ್ಮೂರ ಬ್ಯಾಂಡು ನೆನಪಾಗುತ್ತದೆ. ನಮ್ಮಲ್ಲೂ ಬ್ಯಾಂಡುಗಳವ, ಯಾರೂ ಇಂಡಿ ಅನ್ನುವುದಿಲ್ಲ ಅಷ್ಟೇ. ಮಾದಿಗರ ಹಲಗಿ ಮೇಳ, ಕೊರಮರ ಸನಾದಿ, ಕೆಂಪು ಅಂಗಿ ತೊಟ್ಟ ಮದುವೆಯ ಬ್ಯಾಂಡ್ ಕಂಪನಿ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದು, ಊಟದಲ್ಲಿ ಎಲ್ಲರಿಗಿಂತ ಹಿಂದೆ ಕೂಡುವವರು. ಇವರು ಯಾವ ಕಾಲಕ್ಕೂ ಕಂಪನಿಯ ಹಂಗಿನಲ್ಲಿ ಇರಲಿಲ್ಲ. ಊರಗೌಡನ ಹಂಗಿನಲ್ಲಿ ಇದ್ದರು. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಆ ಹಲಗಿಯನ್ನೇ ಕೈಗೆತ್ತಿಕೊಂಡು ಹಾಡಿದವರ ಪರಂಪರೆಯೂ ನಮಗಿದೆ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅಂಥವರ ಕೊರಳು ಮೈಕಿಲ್ಲದೆಯೂ ಮೈದಾನ ತುಂಬುತ್ತಿತ್ತು. ಕನ್ನಡದ ಸ್ವತಂತ್ರ ಸಂಗೀತದ ಚರಿತ್ರೆ ಬರೆಯುವವರು ಇವರನ್ನು ಬಿಟ್ಟು ಗಿಟಾರಿನಿಂದ ಶುರು ಮಾಡುತ್ತಾರೆ.

ಐರ್ಲೆಂಡಿನ ಡಬ್ಲಿನ್ ಊರಿನ ಕೆಲವು ಹುಡುಗರ ಮಾತು ಇಲ್ಲಿ ಹೇಳಬೇಕು. ‘ಫಾಂಟೇನ್ಸ್ ಡಿ.ಸಿ.’ ಅಂತ ಅವರ ಬ್ಯಾಂಡಿನ ಹೆಸರು. ಸಂಗೀತದ ಕಾಲೇಜಿನಲ್ಲಿ ಕೂಡಿದವರು, ಕೂಡಿಸಿದ್ದು ಕವಿತೆ. ಸಣ್ಣ ಕವನದ ಪುಸ್ತಿಕೆಗಳನ್ನು ತಾವೇ ಹೊರತಂದರು. 2019ರಲ್ಲಿ ಬಂದ ಮೊದಲ ಆಲ್ಬಮಿಗೆ ‘ಡಾಗ್ರೆಲ್’ ಎಂದು ಹೆಸರಿಟ್ಟರು. ಪಂಡಿತರು ಕೀಳೆಂದು ನೂಕಿದ ಬೀದಿಯ ಪದ್ಯಕ್ಕೆ ಇಂಗ್ಲಿಷಿನವರು ಕರೆಯುವ ಹೆಸರು ಅದು. ನಮ್ಮ ಲಾವಣಿ, ಗೀಗಿಪದಗಳನ್ನು ನೋಡಿದ ಕಣ್ಣೂ ಅಂಥದ್ದೇ. ಹಾಡಿದ್ದು ಡಬ್ಲಿನ್ನಿನ ಉಚ್ಚಾರದಲ್ಲೇ, ತಿದ್ದಿಕೊಳ್ಳಲಿಲ್ಲ. ನಮಗೆ ಅಸೂಯೆ ಆಗುವುದು ಅವರ ಹೆಸರಿನ ಬಗ್ಗೆ ಅಲ್ಲ, ಆ ಉಚ್ಚಾರದ ಧೈರ್ಯದ ಬಗ್ಗೆ. ಸುರಪುರದ ಹುಡುಗ ಬೆಂಗಳೂರಿನಲ್ಲಿ ‘ಅದ’ ಅಂದರೆ ಸಾಕು, ಪಕ್ಕದವ ಕಿಸಕ್ಕನೆ ನಗುತ್ತಾನೆ. ಮರುದಿನದಿಂದ ಅವನು ‘ಇದೆ’ ಅನ್ನಲಿಕ್ಕೆ ಕಲೀತಾನ.

ಹಾಗೆ ಕಲಿಯದವರು ಯೂಟ್ಯೂಬಿನಲ್ಲಿದ್ದಾರೆ. ಉತ್ತರ ಕರ್ನಾಟಕದ ‘ಜಾನಪದ ಡಿಜೆ’ ಹಾಡುಗಳನ್ನು ಕಟ್ಟುವವರು ಟ್ರ್ಯಾಕ್ಟರ್ ಹೊಡೆಯುವ, ಗೌಂಡಿ ಕೆಲಸ ಮಾಡುವ ಮನಿಗಳ ಹುಡುಗರು. ಒಂದು ಕೋಣೆಯ ಸ್ಟುಡಿಯೊ, ಒಂದು ಮೊಬೈಲು. ಬೆಳಗಾವಿ ಸೀಮೆಯ ಮಾಳು ನಿಪನಾಳ ‘ನಾ ಡ್ರೈವರ’ ಹಾಡಿನಿಂದ ಮನೆಮಾತಾಗಿ 2025ರಲ್ಲಿ ಬಿಗ್ ಬಾಸ್ ಮನೆಗೂ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಶಬ್ದಾರ್ಥದಲ್ಲಿ ಕನ್ನಡದ ಇಂಡಿ ಇವರೇ. ಹಾಗಂತ ಹೆಗಲ ಮೇಲೆ ಹೊತ್ತು ಕುಣಿಯಲಿಕ್ಕೆ ನಾವು ತಯಾರಿಲ್ಲ. ಹತ್ತರಲ್ಲಿ ಎಂಟು ಹಾಡುಗಳಲ್ಲಿ ಹೆಣ್ಣು ಅಂದ್ರ ಕೈಕೊಟ್ಟವಳು, ಇಲ್ಲಾಂದ್ರ ಕಣ್ಣು ಹೊಡೆಸಿಕೊಳ್ಳುವವಳು. ಮಡಿವಾಳಪ್ಪ ಆಡಿಕೊಂಡದ್ದು ಮಠವನ್ನು, ಡಾಂಭಿಕರನ್ನು. ಈ ಹುಡುಗರು ಆಡಿಕೊಳ್ಳುವುದು ಪಕ್ಕದ ಮನಿ ಹುಡುಗಿಯನ್ನು. ಸಿಟ್ಟು ಇದೆ, ದಿಕ್ಕು ತಪ್ಪಿದೆ. ಇನ್ನೊಂದು ಸಂಗತಿ, ಈ ಹಾಡುಗಳಲ್ಲಿ ಕೇಳುವ ಹಲಗಿ ಕಂಪ್ಯೂಟರಿನೊಳಗಿಂದ ಬರುವಂಥದ್ದು. ಮದುವಿಗೆ ಡಿಜೆ ಗಾಡಿ ಬಂದ ಮೇಲೆ ಹಲಗಿ ಮೇಳದವರಿಗೆ, ಸನಾದಿಯವರಿಗೆ ಬರುತ್ತಿದ್ದ ಸುಗ್ಗಿಯ ನಾಲ್ಕು ಕಾಸೂ ನಿಂತಿದೆ.

ಶಹಾಪುರ, ಸುರಪುರದ ಕಡೆ ಸಾಲಿಗಳಲ್ಲಿರುವ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ತಿಂಥಣಿಯ ಮೌನೇಶ್ವರನ ಜಾತ್ರೆಗೋ, ಕೊಡೇಕಲ್ಲಿಗೋ ಹೋದಾಗ ಭಜನಿಗೆ ಕುಂತವರ ಮುಂದೆ ಮೊಬೈಲು ಇಟ್ಟು ಒಂದು ರಾತ್ರಿ ಪೂರ್ತಿ ಹಿಡಿಯಿರಿ. ಜಲಾಲ ಸಾಹೇಬನ ಪದಗಳ ಹಳೆಯ ವಹಿ ಯಾರ ಮನಿಯಲ್ಲಾದರೂ ಇದ್ದರೆ ಫೋಟೊ ತೆಗೆಯಿರಿ. ಹಾಡಿದವರ ಹೆಸರು ಹೆಂಗೂ ಬರೆದುಕೊಳ್ಳುತ್ತೀರಿ; ದಮ್ಮಡಿ, ತಾಳ, ಹಲಗಿ ಬಡಿದವರ ಹೆಸರನ್ನೂ, ಊರನ್ನೂ ಕೇಳಿ ಬರೆದುಕೊಳ್ಳಿ. ಪತ್ರಿಕೆಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಆ ಪದಗಳ ಬಗ್ಗೆ ಬರೆಯುತ್ತೇವೆ.