ಎದುರಾಳಿಯ ಅಂಗಳದಲ್ಲೇ ಮುತ್ತಿಗೆ

ಚೆಂಡು ಕೈತಪ್ಪಿದ ಮೇಲೆ ತನ್ನ ಗೋಲಿನತ್ತ ಹಿಂದೆ ಸರಿಯದೆ, ಎದುರಾಳಿಯ ಗೋಲಿನ ಹತ್ತಿರವೇ ಮುತ್ತಿಗೆ ಹಾಕಿ ಚೆಂಡನ್ನು ಕಿತ್ತುಕೊಳ್ಳುವ ಆಟಕ್ಕೆ ಫುಟ್‌ಬಾಲ್‌ನಲ್ಲಿ ಹೈ ಪ್ರೆಸ್ಸಿಂಗ್ ಎಂದು ಹೆಸರು. 1960ರ ದಶಕದಲ್ಲಿ ಡೈನಮೊ ಕೀವ್ ತಂಡದ ಕೋಚ್ ವಿಕ್ಟರ್ ಮಾಸ್ಲೋವ್ ಇದಕ್ಕೊಂದು ಶಿಸ್ತು ಕೊಟ್ಟರು. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ಅರಿಗೊ ಸಾಕಿಯವರ ಮಿಲಾನ್ ತಂಡ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಕರ್ನಾಟಕದ ಮಟ್ಟಿಗೆ ಇದರ ಪಾಠಕ್ಕೆ ಒದಗುವ ತಂಡ, ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆಗಿದ್ದ 2018-19ರ ಬೆಂಗಳೂರು ಎಫ್‌ಸಿ.

ಹೊನ್ನಾಳಿ, ನ್ಯಾಮತಿ, ಗೋವಿನಕೋವಿ ಕಡೆಯವರಿಗೆ ಕಬಡ್ಡಿಯಿಂದ ಇದು ಬೇಗ ತಿಳಿಯುತ್ತದೆ. ಒಬ್ಬ ರೈಡರ್‌ನ ಕಾಲು ಹಿಡಿದಾಗ ಉಳಿದವರು ಅದೇ ಕ್ಷಣಕ್ಕೆ ಮೇಲೆ ಬೀಳದಿದ್ದರೆ ಅವನು ನಡುಗೆರೆ ಮುಟ್ಟಿಬಿಡುತ್ತಾನೆ. ಪ್ರೆಸ್ಸಿಂಗ್‌ನಲ್ಲೂ ಒಬ್ಬನೇ ಓಡಿದರೆ ಅದು ಬರೀ ದಣಿವು. ಸಾಕಿಯವರ ತಂಡದಲ್ಲಿ ಮುಂಚೂಣಿಯ ಆಟಗಾರನಿಗೂ ಕೊನೆಯ ಡಿಫೆಂಡರ್‌ಗೂ ನಡುವೆ ಸುಮಾರು 25ರಿಂದ 30 ಮೀಟರ್ ಅಂತರ ಮಾತ್ರ ಇರಬೇಕಿತ್ತು. ಮೈದಾನದ ಉದ್ದವೋ 105 ಮೀಟರ್. ಈ ಆಟದ ಜೀವ ಇರುವುದು ಓಟದ ವೇಗದಲ್ಲಲ್ಲ, ಈ ಅಂತರದಲ್ಲಿ.

ಮೊದಲ ಹೆಜ್ಜೆ ಸ್ಟ್ರೈಕರ್‌ನದು. ಬೆಂಗಳೂರಿಗೆ ಆ ಜಾಗದಲ್ಲಿ ವೆನೆಜುವೆಲಾದ ಮಿಕು ಇದ್ದರು. ಸ್ಟ್ರೈಕರ್ ನೇರವಾಗಿ ಚೆಂಡಿನ ಮೇಲೆ ಎರಗುವುದಿಲ್ಲ. ಬಾಗಿದ ದಾರಿಯಲ್ಲಿ ಓಡಿ, ಇಬ್ಬರು ಸೆಂಟರ್‌ಬ್ಯಾಕ್‌ಗಳ ನಡುವಿನ ಪಾಸ್‌ಗೆ ಅಡ್ಡವಾಗಿ ಆಟವನ್ನು ಒಂದು ಬದಿಗೆ ತಳ್ಳುತ್ತಾನೆ. ಆ ಬದಿಯಲ್ಲಿ ಕಾಯುವವನು ವಿಂಗರ್. ಎಡಕ್ಕೆ ಸುನಿಲ್ ಛೆಟ್ರಿ, ಬಲಕ್ಕೆ ಉದಾಂತ ಸಿಂಗ್. ಚೆಂಡು ಅಂಚಿಗೆ ಬಂದರೆ ಪಕ್ಕದ ಗೆರೆಯೇ ಇನ್ನೊಬ್ಬ ಡಿಫೆಂಡರ್ ಇದ್ದ ಹಾಗೆ: ಅದರಾಚೆ ಪಾಸ್ ಇಲ್ಲ. ಮುತ್ತಿಗೆಗೆ ಹೊತ್ತು ನೋಡುವುದೂ ಕಲೆಯೇ. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟಾಗ, ಚೆಂಡು ಕಾಲಿಗೆ ಹಿಡಿತಕ್ಕೆ ಸಿಗದೆ ಪುಟಿದಾಗ, ತನ್ನದೇ ಗೋಲಿಗೆ ಮುಖಮಾಡಿ ನಿಂತವನಿಗೆ ಚೆಂಡು ಬಂದಾಗ ಎಲ್ಲರೂ ಒಟ್ಟಿಗೆ ನುಗ್ಗಬೇಕು.

ಪ್ರೇಕ್ಷಕರ ಚಪ್ಪಾಳೆ ಮುಂದಿನವರಿಗೆ ಸಿಗುತ್ತದೆ. ಆದರೆ ಪ್ರೆಸ್ಸಿಂಗ್ ಉಳಿಯುವುದೂ ಕುಸಿಯುವುದೂ ನಡುವಿನ ಮಿಡ್‌ಫೀಲ್ಡರ್‌ನಿಂದ. ಮುಂದಿನ ಮೂವರನ್ನು ಒಂದೇ ಪಾಸ್ ದಾಟಿದರೆ ಎದುರಿಗೆ ಸಿಗುವವನು ಅವನೊಬ್ಬನೇ. ಬೆಂಗಳೂರು ತಂಡದ ಡಿಮಾಸ್ ಡೆಲ್ಗಾಡೊ ಅವರಂಥ ಆಟಗಾರನ ಬೆಲೆ ಗೊತ್ತಾಗುವುದು ಇಲ್ಲಿ: ಪಾಸ್ ಹೊರಡುವ ಮೊದಲೇ ಅದು ಸೇರುವ ಜಾಗವನ್ನು ಊಹಿಸುವುದು, ಗೆದ್ದ ಚೆಂಡನ್ನು ಗಾಬರಿಯಿಲ್ಲದೆ ಮುಂದಕ್ಕೆ ಕೊಡುವುದು.

ಬೆನ್ನ ಹಿಂದೆ ಡಿಫೆಂಡರ್‌ಗಳ ಸಾಲು ನಡುಗೆರೆಯ ತನಕ ಏರಿ ಬರಬೇಕು. ಆಗ ಹಿಂದೆ ಅರ್ಧ ಮೈದಾನವೇ ಖಾಲಿ. ಎದುರಾಳಿ ತನ್ನದೇ ಅರ್ಧದಿಂದ ಓಟ ಶುರುಮಾಡಿದರೆ ಆಫ್‌ಸೈಡ್ ನಿಯಮವೂ ನೆರವಿಗೆ ಬಾರದು. ಅದೇ ತಂಡದ ಹುವಾನನ್ ಅವರಂಥ ಸೆಂಟರ್‌ಬ್ಯಾಕ್‌ಗೆ ಅದಕ್ಕೇ ತಿರುಗಿ ಓಡುವ ಧೈರ್ಯ ಬೇಕು. ಗುರುಪ್ರೀತ್ ಸಿಂಗ್ ಸಂಧು ಅವರಂಥ ಗೋಲ್‌ಕೀಪರ್ ಪೆನಾಲ್ಟಿ ಆವರಣ ಬಿಟ್ಟು ಹೊರಬಂದು ಚೆಂಡನ್ನು ಒದೆಯಬೇಕು.

ತೊಂಬತ್ತು ನಿಮಿಷವೂ ಹೀಗೆ ಆಡಲು ಯಾರಿಂದಲೂ ಆಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಚಳಿಗಾಲದ ಸಂಜೆ ಮೈಗೆ ಹಿತ. ಕೊಚ್ಚಿ, ಚೆನ್ನೈಗಳ ಸೆಕೆಯಲ್ಲಿ ಅದೇ ಓಟ ಅರ್ಧ ಗಂಟೆಗೇ ಕಾಲು ಕಟ್ಟುತ್ತದೆ. ಜಾಣ ತಂಡ ಒಂದಷ್ಟು ಹೊತ್ತು ಒತ್ತುತ್ತದೆ, ಆಮೇಲೆ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಉಸಿರು ತೆಗೆದುಕೊಳ್ಳುತ್ತದೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ, ಹಿಂದಿನಿಂದಲೇ ಪಾಸ್ ಕಟ್ಟುತ್ತ ಬರುತ್ತಿದ್ದ ಎಫ್‌ಸಿ ಗೋವಾಗೆ ಬೆಂಗಳೂರು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ಡಿಮಾಸ್ ಅವರ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟು ಗೋಲು ಹೊಡೆದರು. ಕಪ್ ಬೆಂಗಳೂರಿಗೆ ಬಂತು.

ಶಾಲಾ ತಂಡಗಳನ್ನು ತಯಾರು ಮಾಡುವ ದೈಹಿಕ ಶಿಕ್ಷಕರು ಈ ಆಟವನ್ನು ಕಲಿಸುವುದಾದರೆ, ಮಕ್ಕಳನ್ನು ಚೆಂಡಿನ ಹಿಂದೆ ಓಡಿಸುವ ಮೊದಲು ಸಾಲುಗಳ ನಡುವಿನ ಅಂತರ ಕಾಯುವುದನ್ನು ಕಲಿಸಲಿ.