ಮಯೂರನ ಕೆರೆ ತೋಡಿದವರು ಯಾರು?

'ಮಯೂರ' ಚಿತ್ರ ಬಂದದ್ದು 1975ರಲ್ಲಿ. ನಿರ್ದೇಶನ ವಿಜಯ್ ಅವರದು, ನಾಯಕ ರಾಜಕುಮಾರ್, ಮೂಲ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ. ಕದಂಬರ ಬನವಾಸಿ ನಮ್ಮದೇ ಜಿಲ್ಲೆಯದು. ಹೀಗಾಗಿ ಕಾರವಾರ, ಅಂಕೋಲೆ, ಭಾವಿಕೇರಿಯ ಜನಕ್ಕೆ ಇದು ಮನೆಯ ಕಥೆ. ಕನ್ನಡದ ರಾಜನೊಬ್ಬ ತೆರೆಯ ಮೇಲೆ ತಲೆಯೆತ್ತಿ ನಿಂತಾಗ ಶಿಳ್ಳೆ ಹೊಡೆದವರಲ್ಲಿ ನಮ್ಮ ಕೇರಿಗಳವರೂ ಇದ್ದರು. ಆ ಸಂತೋಷವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಕೇಳುತ್ತೇವೆ: ಈ ಅರಮನೆಯ ಕಥೆಯಲ್ಲಿ ನಿಜ ಎಷ್ಟು? ಆ ನಿಜವನ್ನಾದರೂ ಬರೆದವರು ಯಾರು?

ಚಿತ್ರದಲ್ಲಿ ಬ್ರಾಹ್ಮಣನಾಗಿ ಬೆಳೆದ ಹುಡುಗನಿಗೆ ತಾನು ರಾಜವಂಶದ ಕುಡಿ ಎಂದು ತಿಳಿಯುತ್ತದೆ. ಕಳೆದುಹೋದ ಸಿಂಹಾಸನವನ್ನು ಆತ ಮರಳಿ ಪಡೆಯುತ್ತಾನೆ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬ ಹೇಳುವುದೇ ಬೇರೆ. 5ನೆಯ ಶತಮಾನದ ಆ ಸಂಸ್ಕೃತ ಶಾಸನದಲ್ಲಿ ಮಯೂರಶರ್ಮ ವೇದ ಓದುವ ಬ್ರಾಹ್ಮಣ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿ, ಬಾಣರಿಂದ ಕಪ್ಪ ಕಿತ್ತು, ಕೊನೆಗೆ ಪಲ್ಲವರೇ ರಾಜ್ಯ ಒಪ್ಪಿಸುವಂತೆ ಮಾಡಿದ. ಅವನ ನಂತರದವರು 'ಶರ್ಮ' ಬಿಟ್ಟು 'ವರ್ಮ'ರಾದರು.

ಅಂದರೆ ಅಲ್ಲಿ ರಾಜರಕ್ತ ಎಂಬುದೇ ಇರಲಿಲ್ಲ. ಕತ್ತಿ ಇತ್ತು, ಕಾಡಿತ್ತು, ಸಿಟ್ಟಿತ್ತು. ದೊರೆಯಾಗಲು ದೊರೆಯ ಹೊಟ್ಟೆಯಲ್ಲೇ ಹುಟ್ಟಬೇಕಿಲ್ಲ ಎಂದು ಕಲ್ಲೇ ಹೇಳುತ್ತಿರುವಾಗ ಚಿತ್ರ ಅದನ್ನು ಹೇಳಲು ಯಾಕೆ ಹೆದರಿತು? ಹುಟ್ಟಿನಿಂದಲೇ ಯೋಗ್ಯತೆ ಎನ್ನುವ ಹಳೇ ರೋಗ ಇದು. ಅದಕ್ಕೆ ಕಿರೀಟ ತೊಡಿಸಿದ್ದಾರೆ, ಅಷ್ಟೆ.

ಹಾಗಂತ ಕಲ್ಲನ್ನು ನಂಬಿ ಕೈಮುಗಿಯಬೇಕೇ? ಅದೂ ಆಗದು. ಮಯೂರನಿಗೆ ಆದದ್ದು ಒಂದು ಅವಮಾನ, ಸಿಕ್ಕದ್ದು ಒಂದು ರಾಜ್ಯ. ದಿನಾ ಅವಮಾನ ಉಂಡವರ ಲೆಕ್ಕ ಯಾವ ಕಂಬದಲ್ಲಿದೆ? ಕಂಚಿಯ ಘಟಿಕೆಯ ಬಾಗಿಲು ಯಾರಿಗೆ ತೆರೆದಿತ್ತು? ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಇದನ್ನು ಕೇಳದೆ ಬಿಡುವವರಲ್ಲ.

ತಾಳಗುಂದದ ಕಂಬ ನಿಂತದ್ದು ಯಾಕೆ ಗೊತ್ತೇ? ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸುದ್ದಿ ಹೇಳಲು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನವಿದೆ. ಅದೂ ಕೆರೆಯ ಮಾತೇ. ಕಟ್ಟಿಸಿದವನ ಹೆಸರಿದೆ. ತಾಳಗುಂದದ ಕಾವ್ಯ ಬರೆದ ಕವಿ ಕುಬ್ಜನ ಹೆಸರೂ ಇದೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆಗಳಿಗೆ ಕೊಟ್ಟ ಹೆಮ್ಮೆಯೂ ಇದೆ. ಆ ಹೆಣ್ಣುಮಕ್ಕಳ ಹೆಸರಿಲ್ಲ. ಮಣ್ಣು ಹೊತ್ತವರ ಹೆಸರಂತೂ ಇಲ್ಲವೇ ಇಲ್ಲ. ಹಾರೆ ಹಿಡಿದದ್ದು ಯಾರ್‌ರಿ? ಬುಟ್ಟಿ ಹೊತ್ತದ್ದು ಯಾರು? ತೋಡಿದವರಿಗೆ ಆ ಕೆರೆಯ ನೀರು ಮುಟ್ಟಲು ಬಿಟ್ಟರೇ? 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಬಾಬಾಸಾಹೇಬರು ಇಳಿದು ನೀರು ಕುಡಿದದ್ದು ಇದೇ ಪ್ರಶ್ನೆಯನ್ನು ಬೊಗಸೆಯಲ್ಲಿ ಹಿಡಿದು.

ಈಗ ನಮ್ಮ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಕೊರಿಯಾದ ಅರಮನೆ ಧಾರಾವಾಹಿ ನೋಡುತ್ತಾರೆ. ನೋಡಲಿ. ಅಲ್ಲಿಂದ ಕಲಿಯುವುದೂ ಇದೆ. ಜೋಸನ್ ಅರಸರ ಆಸ್ಥಾನದಲ್ಲಿ ನಡೆದದ್ದನ್ನು ಬರೆಯಲೆಂದೇ ಅಧಿಕಾರಿಗಳಿದ್ದರು. 1404ರಲ್ಲಿ ದೊರೆ ಟೇಜಾಂಗ್ ಬೇಟೆಯಲ್ಲಿ ಕುದುರೆಯಿಂದ ಬಿದ್ದ. ಬರೆಯುವವನಿಗೆ ಇದು ತಿಳಿಯಬಾರದು ಎಂದ. ಅವನು ಬಿದ್ದದ್ದನ್ನೂ ಬರೆದರು, ಹಾಗೆಂದದ್ದನ್ನೂ ಬರೆದರು! ಅದೇ ದಾಖಲೆಗಳಲ್ಲಿ ಜಾಂಗ್‌ಗಮ್ ಎಂಬ ವೈದ್ಯೆಯ ಬಗ್ಗೆ ಕೆಲವೇ ಸಾಲುಗಳಿವೆ. ಅಂಥ ವೈದ್ಯೆಯರನ್ನು ಸರ್ಕಾರಿ ಗುಲಾಮರ ಮನೆಗಳಿಂದ ಆರಿಸುತ್ತಿದ್ದರು. ಆ ಕೆಲವು ಸಾಲಿನಿಂದ 2003ರಲ್ಲಿ 54 ಕಂತುಗಳ 'ಡೇ ಜಾಂಗ್ ಗಮ್' ಹುಟ್ಟಿತು. ಅದರಲ್ಲಿ ಬಹುಪಾಲು ಕಲ್ಪನೆಯೇ. ಆ ನಾಡೂ ಸ್ವರ್ಗವಲ್ಲ: ಕಸಾಯಿ, ಚರ್ಮದ ಕೆಲಸದ ಬೆಕ್ಜಾಂಗ್ ಜನರನ್ನು ಅಲ್ಲಿಯೂ ದೂರವಿಟ್ಟಿದ್ದರು, 1923ರಲ್ಲಿ ಅವರೂ ಸಮಾನತೆಗಾಗಿ ಸಂಘ ಕಟ್ಟಬೇಕಾಯಿತು. ಆದರೂ ಕಲ್ಪನೆ ಯಾವ ಕಡೆ ಕೈಚಾಚಿತು, ನೋಡಿ. ಅವರು ಕೆಳಗಿದ್ದವಳನ್ನು ಕಥೆಯ ನಡುವೆ ತಂದರು. ನಾವು ರಾಜನಿಗೇ ಇನ್ನಷ್ಟು ರಾಜರಕ್ತ ಬೆರೆಸಿದೆವು.

ಇದು ಬರೀ ಸಿನಿಮಾದ ಮಾತಲ್ಲ. ರಾಜರ ಹೆಸರು ಇಂದಿಗೂ ಕೆಲಸ ಮಾಡುತ್ತದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಕಡಲ ದಂಡೆ ಬಿಟ್ಟು ಎದ್ದವು. 2005ರಲ್ಲಿ ಆ ನೆಲೆಗೆ ಇಟ್ಟ ಹೆಸರು 'ಐಎನ್‌ಎಸ್ ಕದಂಬ'. ಎದ್ದು ಹೋದ ಕೇರಿಗಳ ಹೆಸರು ಯಾವ ಫಲಕದಲ್ಲಿದೆ? ಈಗ ಅಲಗೇರಿ, ಭಾವಿಕೇರಿ ಭಾಗದ ನೆಲಕ್ಕೆ ವಿಮಾನ ನಿಲ್ದಾಣದ ಅಳತೆ ಬಿದ್ದಿದೆ. ಅದಕ್ಕೂ ನಾಳೆ ಯಾವನೋ ದೊರೆಯ ಹೆಸರು ಸಿದ್ಧವಿದ್ದೀತು.

ಭಾವಿಕೇರಿ ಎನ್ನುವಾಗ ನಮ್ಮ ಕಿವಿಗೆ ಬಾವಿಯೂ ಕೇಳುತ್ತದೆ, ಕೇರಿಯೂ ಕೇಳುತ್ತದೆ. ಬರೆಯುವ ಗೆಳೆಯರೇ, ರಾಜನ ಕಥೆ ಬೇಕಿದ್ದರೆ ಬರೆಯಿರಿ, ಬೇಡ ಅನ್ನೋದಿಲ್ಲ. ಆದರೆ ಕಂಬದ ಮೇಲೆ ಇಲ್ಲದ ಸಾಲಿನಿಂದ ಶುರು ಮಾಡಿ. ಕೆರೆ ತೋಡಿದವಳು ದಡದ ಮೇಲೆ ಬುಟ್ಟಿ ಇಳಿಸಿ ನಿಂತಿದ್ದಾಳೆ. ಮೊದಲು ಅವಳ ಹೆಸರು ಕೇಳಿ.